ಹತ್ತನೇ ಸಂಪುಟದಲ್ಲಿ ನಿಂತ ಗಡಿಯಾರ: ‘ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್’ ಎಷ್ಟು ಓದಿದರೆ ಸಾಕು?

ರಾಬರ್ಟ್ ಜೋರ್ಡನ್ ಅವರ ‘ದಿ ವೀಲ್ ಆಫ್ ಟೈಮ್’ ಫ್ಯಾಂಟಸಿ ಕಾದಂಬರಿ ಮಾಲಿಕೆಯ ಹತ್ತನೇ ಸಂಪುಟ ತೆರೆದರೆ ಮೊದಲು ಎದುರಾಗುವವನು ರೋಡೆಲ್ ಇಟುರಾಲ್ಡೆ ಎಂಬ ಸೇನಾಪತಿ. ಮೊದಲ ಸಾಲಿನಲ್ಲೇ ಅವನ ಬಗ್ಗೆ ಒಂದು ಸಂಗತಿ ತಿಳಿಯುತ್ತದೆ: ಕಾಯುವುದೆಂದರೆ ಅವನಿಗಾಗದು. ಪಾಪ, ತಪ್ಪು ಪುಸ್ತಕಕ್ಕೆ ಬಂದುಬಿಟ್ಟಿದ್ದಾನೆ. ಇಲ್ಲಿಂದ ಮುಂದೆ ಸುಮಾರು 700 ಪುಟ, 30 ಅಧ್ಯಾಯ, 2 ಲಕ್ಷ 70 ಸಾವಿರದಷ್ಟು ಪದ. ಅದರಲ್ಲಿ ಬಹುಪಾಲು ಕಾಯುವುದೇ ಕೆಲಸ.

2003ರ ಜನವರಿಯಲ್ಲಿ ಅಮೆರಿಕದ ಟಾರ್ ಸಂಸ್ಥೆ ಇದನ್ನು ಹೊರತಂದಾಗ ನ್ಯೂಯಾರ್ಕ್ ಟೈಮ್ಸ್ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿತು. ಕೊಂಡವರಿಗೆ ಕೊರತೆ ಇರಲಿಲ್ಲ, ಓದಿ ಮುಗಿಸಿದವರ ಮುಖ ಮಾತ್ರ ಸಪ್ಪಗಿತ್ತು. ಮಾಲಿಕೆಯ ಈ ನಡುಭಾಗಕ್ಕೆ ಅಭಿಮಾನಿಗಳೇ ‘ಸ್ಲಾಗ್’ ಎಂದು ಹೆಸರಿಟ್ಟಿದ್ದಾರೆ. ಕೆಸರುಗದ್ದೆಯಲ್ಲಿ ಕಾಲು ಕಿತ್ತು ಕಿತ್ತು ಇಡುವಂಥ ಓದು ಅಂತ. ಅದು ಏಳನೇ ಸಂಪುಟದಿಂದ ಶುರುವೋ ಎಂಟರಿಂದಲೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಕೆಸರು ಮೊಣಕಾಲಿಗೆ ಬರುವ ಜಾಗ ಹತ್ತನೆಯದು ಎಂಬುದನ್ನು ಮಾತ್ರ ಹೆಚ್ಚಿನವರು ಒಪ್ಪುತ್ತಾರೆ.

ಮುಂದೆ ಕಥೆಯ ಗುಟ್ಟುಗಳು ಬರುತ್ತವೆ. ಒಂಬತ್ತನೇ ಸಂಪುಟ ಮುಗಿಸದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ನಿಧಾನಗತಿ ಎಂಬ ದೂರನ್ನು ಮೊದಲು ಸರಿಯಾಗಿ ಬಿಡಿಸಿ ನೋಡಬೇಕು. ನಿಧಾನ ಅಂದಮಾತ್ರಕ್ಕೆ ಕೆಟ್ಟದ್ದೇನಲ್ಲ. ಮಹಾಭಾರತದ ಉದ್ಯೋಗಪರ್ವದಲ್ಲಿ ಯುದ್ಧವೇ ಇಲ್ಲ. ಬರೀ ದೂತರು, ಸಭೆಗಳು, ಸಂಧಾನ, ಉಪದೇಶ. ಹಾಗಿದ್ದೂ ಬೇಸರ ಬಾರದು. ಸಂಜಯ ಬಂದುಹೋದ ಮೇಲೆ ಒಂದು ಬಾಗಿಲು ಮುಚ್ಚುತ್ತದೆ, ಕೃಷ್ಣ ಬಂದುಹೋದ ಮೇಲೆ ಇನ್ನೊಂದು, ಕರ್ಣನ ಜೊತೆಗಿನ ಮಾತು ಮುಗಿದ ಮೇಲೆ ಕೊನೆಯದು. ಯಾರೂ ಕತ್ತಿ ಎತ್ತದೆಯೇ ಕಥೆ ಕುರುಕ್ಷೇತ್ರದ ಅಂಚಿಗೆ ಬಂದು ನಿಂತಿರುತ್ತದೆ. ಜೋರ್ಡನ್ ಅವರ ನಾಲ್ಕನೇ ಸಂಪುಟವೂ ಹೀಗೆಯೇ ನಿಧಾನವಾಗಿ ಕಟ್ಟಿದ್ದು. ಗಾತ್ರದಲ್ಲಿ ಹತ್ತನೆಯದಕ್ಕಿಂತ ಬಹಳ ದೊಡ್ಡದು, ಅನೇಕರ ಪಾಲಿಗೆ ಮಾಲಿಕೆಯ ಉತ್ತಮ ಸಂಪುಟವೂ ಅದೇ. ಹಾಗಾಗಿ ಉದ್ದದ ಮೇಲೋ ವೇಗದ ಮೇಲೋ ಗೂಬೆ ಕೂರಿಸುವುದು ಬೇಡ. ಇಲ್ಲಿ ಕೆಟ್ಟಿರುವುದು ಕಾಲದ ಲೆಕ್ಕ.

ಒಂಬತ್ತನೇ ಸಂಪುಟ ‘ವಿಂಟರ್ಸ್ ಹಾರ್ಟ್’ ಮುಗಿದ ಬಗೆ ನೆನಪಿಸಿಕೊಳ್ಳಿ. 35ನೇ ಅಧ್ಯಾಯದಲ್ಲಿ ನಾಯಕ ರ್ಯಾಂಡ್ ಮತ್ತು ಅವನ ಊರಿನವಳೇ ಆದ ನೈನೀವ್ ಶಾದಾರ್ ಲೋಗೋಥ್ ಎಂಬ ಶಾಪಗ್ರಸ್ತ ನಗರದ ಹೊರಗೆ ಕೂತು, ಚೋಎಡಾನ್ ಕಾಲ್ ಎಂಬ ಮಹಾಸಾಧನದ ಬಲದಿಂದ, ಗಂಡಸರ ಶಕ್ತಿಮೂಲವಾದ ಸೈದಿನ್‌ಗೆ 3,000 ವರ್ಷಗಳಿಂದ ಅಂಟಿದ್ದ ಕೊಳೆಯನ್ನು ತೊಳೆಯುತ್ತಾರೆ. ಸುತ್ತ ಕೇಡಿನ ಪಾಳೆಯದ ಫಾರ್ಸೇಕನ್ನರ ದಾಳಿ. ನಗರವೇ ಇಲ್ಲವಾಗುತ್ತದೆ. ಜಗತ್ತಿನ ನಿಯಮವೇ ಬದಲಾದ ಗಳಿಗೆ ಅದು. ಇನ್ನು ಮುಂದೆ ಶಕ್ತಿಯುಳ್ಳ ಗಂಡಸರು ಹುಚ್ಚರಾಗಬೇಕಿಲ್ಲ. ಇದನ್ನು 2000ದ ನವೆಂಬರ್‌ನಲ್ಲಿ ಓದಿದವರು ‘ಮುಂದೇನು’ ಎಂದು 26 ತಿಂಗಳು ಕಾದರು.

ಹತ್ತನೇ ಸಂಪುಟ ಅವರಿಗೆ ಕೊಟ್ಟ ಉತ್ತರ, ‘ಆ ಹೊತ್ತಿಗೆ ಬೇರೆಯವರು ಎಲ್ಲಿದ್ದರು ಗೊತ್ತೇ?’ ಎಂಬುದು. ರ್ಯಾಂಡ್‌ನ ಗೆಳೆಯ ಮ್ಯಾಟ್‌ನ ಎಳೆ ಆ ದಿನಕ್ಕೋ ಅದಕ್ಕೂ ಹಿಂದಕ್ಕೋ ಹೋಗಿ ಶುರುವಾಗುತ್ತದೆ. ಇನ್ನೊಬ್ಬ ಗೆಳೆಯ ಪೆರಿನ್‌ನದೂ ಹಾಗೆಯೇ. ಸಿಂಹಾಸನಕ್ಕೆ ಹೋರಾಡುವ ಇಲೇನ್‌ದೂ, ಬಂಡಾಯದ ಪಾಳೆಯದ ಎಗ್ವೇನ್‌ದೂ ಅಷ್ಟೇ. ಪ್ರತಿ ಗುಂಪಿನಲ್ಲೂ ಶಕ್ತಿ ಬಲ್ಲ ಹೆಂಗಸರು ದೂರದಲ್ಲೊಂದು ದೀಪಸ್ತಂಭ ಉರಿದಂತೆ ಅನುಭವಿಸಿ ಬೆಚ್ಚುತ್ತಾರೆ, ಯಾರದ್ದು ಯಾಕೆ ಎಂದು ಊಹಿಸುತ್ತಾರೆ, ಫಾರ್ಸೇಕನ್ನರ ಕೆಲಸವೇ ಇರಬೇಕು ಎಂದು ಹೆದರುತ್ತಾರೆ. ಓದುಗನಿಗೆ ಉತ್ತರ ಮೊದಲೇ ಗೊತ್ತು. ಪಾತ್ರಕ್ಕೆ ಗೊತ್ತಿಲ್ಲದ್ದು ಓದುಗನಿಗೆ ಗೊತ್ತಿದ್ದರೆ ಅದರಿಂದ ಬಿಗಿ ಹುಟ್ಟಬೇಕು. ಗೊತ್ತಿಲ್ಲದೆ ಅವರು ತಪ್ಪು ಹೆಜ್ಜೆ ಇಟ್ಟು ಅನಾಹುತವಾಗಬೇಕು. ಇಲ್ಲಿ ಎಗ್ವೇನ್‌ಳ ಪಾಳೆಯ ಒಂದನ್ನು ಬಿಟ್ಟರೆ ಆ ಅಜ್ಞಾನದಿಂದ ಯಾರಿಗೂ ಲಾಭನಷ್ಟವಿಲ್ಲ. ಒಂದೇ ಸುದ್ದಿಯನ್ನು ನಾಲ್ಕು ಮನೆಯಲ್ಲಿ ಕೂತು ಕೇಳಿದ ಹಾಗೆ.

ಯಕ್ಷಗಾನದ ಒಡ್ಡೋಲಗ ಬಲ್ಲವರಿಗೆ ಈ ತೊಡಕು ಬೇಗ ಅರ್ಥವಾದೀತು. ಪಾತ್ರ ಪರದೆಯ ಹಿಂದಿನಿಂದ ಕಿರೀಟ ತೋರಿಸಿ, ಕುಣಿದು, ಸಿಂಹಾಸನ ಏರುವವರೆಗೂ ಪ್ರೇಕ್ಷಕ ತಾಳ್ಮೆಯಿಂದ ಕೂರುತ್ತಾನೆ. ಮುಂದೆ ಪ್ರಸಂಗ ಇದೆ ಎಂಬ ನಂಬಿಕೆ ಅದು. ಈ ಪುಸ್ತಕದಲ್ಲಿ ಒಂದು ಒಡ್ಡೋಲಗ ಮುಗಿಯುವಷ್ಟರಲ್ಲಿ ಇನ್ನೊಂದರ ಚೆಂಡೆ ಕೇಳುತ್ತದೆ, ಆಮೇಲೆ ಮತ್ತೊಂದು. ಪ್ರಸಂಗ ಶುರುವಾಗುವಾಗ ಬೆಳಗಾಗಿರುತ್ತದೆ. ಮಾಲಿಕೆಯ ನಾಯಕ ರ್ಯಾಂಡ್ ತನ್ನ ಕಣ್ಣಿಂದ ಕಥೆ ಹೇಳುವುದೇ 24ನೇ ಅಧ್ಯಾಯದಲ್ಲಿ.

ಜೋರ್ಡನ್ ಅವರಿಗೂ ಇದು ಗೊತ್ತಾಯಿತು. ಎಲ್ಲ ಎಳೆಗಳನ್ನೂ ಒಂದೇ ಕಾಲಬಿಂದುವಿನಿಂದ ಹೊರಡಿಸಿದ ಈ ಪ್ರಯೋಗ ಎಣಿಸಿದಂತೆ ಕೂಡಿಬರಲಿಲ್ಲ, ಮತ್ತೆ ಬರೆಯುವುದಾದರೆ ಬೇರೆ ರೀತಿ ಬರೆಯುತ್ತಿದ್ದೆ ಎಂಬರ್ಥದ ಮಾತನ್ನು ಅವರು ಆಮೇಲೆ ಆಡಿದ್ದಾರೆ. ಅಷ್ಟು ಪ್ರತಿ ಮಾರಾಟವಾದ ಮೇಲೆ ಹೀಗೆ ಹೇಳುವ ಲೇಖಕರು ಕಮ್ಮಿ.

ಎಳೆಗಳನ್ನು ಒಂದೊಂದಾಗಿ ನೋಡಿದರೆ ಎಲ್ಲವೂ ಒಂದೇ ಮಟ್ಟದಲ್ಲಿ ಸೋತಿಲ್ಲ. ಅತಿ ಹೆಚ್ಚು ಸೋತಿರುವುದು ಕೇಮ್ಲಿನ್ ನಗರದ ಇಲೇನ್‌ಳ ಭಾಗ, 10ರಿಂದ 15ನೇ ಅಧ್ಯಾಯದವರೆಗೆ. ಆಂಡೋರ್‌ನ ಸಿಂಹಾಸನಕ್ಕೆ 19 ದೊಡ್ಡ ಮನೆತನಗಳಲ್ಲಿ 10ರ ಬೆಂಬಲ ಬೇಕು. ಬೆರಳಲ್ಲಿ ಎಣಿಸಬಹುದಾದ ಲೆಕ್ಕ. ಕೋಟೆಯ ಹೊರಗೆ ಪ್ರತಿಸ್ಪರ್ಧಿ ಅರಿಮಿಲ್ಲಾಳ ಸೇನೆ ಮುತ್ತಿಗೆ ಹಾಕಿ ಕೂತಿದೆ. ಸಾಮಗ್ರಿ ಎಲ್ಲ ಸಿದ್ಧ. ಆದರೂ ಆರು ಅಧ್ಯಾಯ ಮುಗಿಯುವಾಗ ಆಗಿರುವುದಿಷ್ಟು: ಇನ್ನೂ ಮೀಸೆ ಚಿಗುರದ ವಯಸ್ಸಿನ ಕೆಲವು ಮನೆತನಗಳ ಒಡೆಯರು ಬಂದು ಸೇರಿದ್ದಾರೆ, ಸಮುದ್ರ ಜನಾಂಗದವರೊಂದಿಗೆ ಒಂದು ಒಪ್ಪಂದವಾಗಿದೆ. ಆ ಒಪ್ಪಂದ ನಿಜಕ್ಕೂ ಸ್ವಾರಸ್ಯದ್ದು. ಅವರಲ್ಲಿ ಶಕ್ತಿ ಬಲ್ಲ ಹೆಂಗಸರಾದ ಕೆಲವು ವಿಂಡ್‌ಫೈಂಡರ್‌ಗಳ ಸೇವೆಗೆ ಪ್ರತಿಯಾಗಿ ಆಂಡೋರ್‌ನ ಒಂದು ಚದರ ಮೈಲಿ ನೆಲದಲ್ಲಿ ಅವರದೇ ಕಾನೂನು. ಆಮೇಲೆ ಬೇರೆ ದೇಶಗಳೂ ಹೀಗೆ ಬಿಟ್ಟುಕೊಡಬೇಕಾದೀತೆಂಬ ಭಯ ಅದರ ಹಿಂದಿದೆ. ಎರಡು ಪುಟದಲ್ಲಿ ಮಿಂಚಬೇಕಿದ್ದ ಈ ವಿಚಾರ ಸ್ನಾನದ ತೊಟ್ಟಿ, ಬಸಿರಿಗೆ ತಕ್ಕ ಊಟ, ತಣ್ಣಗಾದ ಚಹಾ, ಉಡುಪಿನ ಅಂಚಿನ ಕಸೂತಿ, ಇವುಗಳ ನಡುವೆ ಮುಳುಗಿದೆ. ಜೋರ್ಡನ್ ಬಟ್ಟೆಬರೆ ವರ್ಣಿಸುವುದು ಹೊಸತೇನಲ್ಲ, ಮೊದಲ ಸಂಪುಟದಿಂದಲೂ ಇದೆ. ಅಲ್ಲಿ ಕಥೆ ಓಡುತ್ತಿತ್ತು, ಬಟ್ಟೆ ಕಣ್ಣಿಗೆ ಚುಚ್ಚುತ್ತಿರಲಿಲ್ಲ.

ಪೆರಿನ್‌ನ ಎಳೆಯ ರೋಗ ಬೇರೆ. ಅವನ ಹೆಂಡತಿ ಫಾಯೀಲ್‌ಳನ್ನು ಶೈಡೋ ಎಂಬ ಬುಡಕಟ್ಟಿನ ಜನ ಹಿಡಿದೊಯ್ದದ್ದು 1998ರಲ್ಲಿ ಬಂದ ಎಂಟನೇ ಸಂಪುಟದ ಕೊನೆಯಲ್ಲಿ. ಅವಳು ಬಿಡುಗಡೆಯಾಗುವುದು 2005ರ ಹನ್ನೊಂದನೇ ಸಂಪುಟದಲ್ಲಿ. ಬಿಸಿಬಿಸಿಯಾಗಿ ಓದಿದವರಿಗೆ ಏಳು ವರ್ಷದ ಸೆರೆವಾಸ! ಹತ್ತನೇ ಸಂಪುಟದಲ್ಲಿ ಪೆರಿನ್ ಹುಡುಕುತ್ತಾನೆ, ಸಂಕಟಪಡುತ್ತಾನೆ, ಬೆರೆಲೈನ್ ಎಂಬ ಚೆಲುವೆಯ ಜೊತೆಗಿನ ಮುಜುಗರದಲ್ಲಿ ಒದ್ದಾಡುತ್ತಾನೆ, ಸೈನ್ಯಕ್ಕೆ ದವಸ ಕೊಳ್ಳಲು ಸೋ ಹಾಬರ್ ಎಂಬ ಊರಿಗೆ ಹೋಗುತ್ತಾನೆ. ಹುಳು ಹಿಡಿದ ಕಾಳನ್ನು ಗಾಳಿಗೆ ತೂರಿ ಹಸನು ಮಾಡಿಸುವ ಆ 26ನೇ ಅಧ್ಯಾಯವನ್ನು ಗೇಲಿ ಮಾಡದ ಅಭಿಮಾನಿ ಇಲ್ಲ.

ನನ್ನ ಮಟ್ಟಿಗೆ ಆ ಗೇಲಿ ಅರ್ಧ ಮಾತ್ರ ನ್ಯಾಯ. ಜಗತ್ತೇ ಕೊಳೆಯುತ್ತಿದೆ ಎಂಬುದು ಈ ಪುಸ್ತಕದ ಆಳದ ವಿಚಾರ. ಉಗ್ರಾಣದಲ್ಲಿ ಭದ್ರವಾಗಿಟ್ಟ ಧಾನ್ಯ ಕೆಡುತ್ತದೆ, ಸತ್ತವರು ನಡೆದಾಡುವುದು ಕಾಣುತ್ತದೆ, ಊರಿನ ಜನ ಮೈ ತೊಳೆಯುವುದನ್ನೇ ಬಿಟ್ಟಿದ್ದಾರೆ, ಯಾಕೆಂದು ಯಾರೂ ಬಾಯಿಬಿಡುವುದಿಲ್ಲ. ಕಣಜದ ಹುಳು ಕಂಡವರಿಗೆ ಆ ದೃಶ್ಯ ಮೈ ಜುಮ್ಮೆನಿಸುತ್ತದೆ. ಕೇಡು ರಾಕ್ಷಸರ ರೂಪದಲ್ಲಿ ಬರುವುದಕ್ಕಿಂತ ಅನ್ನದಲ್ಲಿ ಬಂದರೆ ಹೆಚ್ಚು ಭಯ. ಎಡವಟ್ಟಾಗಿರುವುದು ಜಾಗದಲ್ಲಿ. ಐದು ಅಧ್ಯಾಯ ಪೆರಿನ್‌ನ ಅಲೆದಾಟ ಓದಿ ಸುಸ್ತಾದ ಮೇಲೆ ಇದು ಎದುರಾಗುತ್ತದೆ, ಆಗ ಎಷ್ಟು ಒಳ್ಳೆಯ ಭಯವೂ ‘ಇನ್ನೊಂದು ಅಡ್ಡಿ’ ಎಂದೇ ತೋರುತ್ತದೆ.

ಮರು ಅಧ್ಯಾಯ, 27ನೆಯದು, ಪುಸ್ತಕದ ಅತ್ಯುತ್ತಮ ತುಣುಕುಗಳಲ್ಲೊಂದು. ಫಾಯೀಲ್‌ಳ ಸುಳಿವಿಗಾಗಿ ಪೆರಿನ್ ಒಬ್ಬ ಸೆರೆಯಾಳಿನ ಕೈಯನ್ನೇ ಕಡಿಯುತ್ತಾನೆ, ತನ್ನ ಕೃತ್ಯಕ್ಕೆ ತಾನೇ ಬೆಚ್ಚಿ ಕೊಡಲಿಯನ್ನು ಮರಕ್ಕೆ ಹೊಡೆದು ಅಲ್ಲೇ ಬಿಟ್ಟುಹೋಗುತ್ತಾನೆ. ಮೊದಲ ಸಂಪುಟದಲ್ಲಿ ತೋಳಗಳೊಡನೆ ಬಾಳುವ ಇಲಾಯಸ್ ಅವನಿಗೆ ಹೇಳಿದ್ದ: ಈ ಕೊಡಲಿಯನ್ನು ದ್ವೇಷಿಸುವವರೆಗೂ ಇಟ್ಟುಕೋ, ದ್ವೇಷ ಹೋದ ದಿನ ಎಸೆದುಬಿಡು. 1990ರಲ್ಲಿ ನೆಟ್ಟ ಬೀಜಕ್ಕೆ 2003ರಲ್ಲಿ ಫಲ. ಇಂಥದ್ದನ್ನು ಕೊಡಬಲ್ಲ ಕೈ ಅದರ ಹಿಂದೆ ಅಷ್ಟು ಪುಟ ಪೋಲು ಮಾಡಿತಲ್ಲ ಎಂಬುದೇ ಸಂಕಟ. ಅದೇ ಅಧ್ಯಾಯದಲ್ಲಿ ಸೈನಿಕ ತಲ್ಲನ್ವರ್ ಮುಂದಿಡುವ ಸಲಹೆ, ಅಂದರೆ ಸಮುದ್ರದಾಚೆಯಿಂದ ದಂಡೆತ್ತಿ ಬಂದ ಶಾನ್‌ಚಾನ್ ಸೇನೆಯೊಂದಿಗೆ ಕೈಜೋಡಿಸುವುದು, ಇಡೀ ಎಳೆಯನ್ನು ಕೊನೆಗೂ ಒಂದು ದಿಕ್ಕಿಗೆ ತಿರುಗಿಸುತ್ತದೆ.

ಮ್ಯಾಟ್‌ನ ಭಾಗ ನಿಧಾನವೇ, ಬೇಸರವಿಲ್ಲ. ಎಬೂ ದಾರ್‌ನಿಂದ ಸರ್ಕಸ್ ಕಂಪನಿಯೊಂದರ ಜೊತೆ ತಪ್ಪಿಸಿಕೊಂಡು ಹೋಗುತ್ತಿರುವ ಅವನ ಜೊತೆ ಶಾನ್‌ಚಾನ್ ರಾಜಕುಮಾರಿ ಟುಆನ್ ಇದ್ದಾಳೆ. ಅವಳು ತನ್ನ ಹೆಂಡತಿಯಾಗುವಳೆಂಬ ಭವಿಷ್ಯ ಅವನಿಗೆ ಗೊತ್ತು. ಅವಳಿಗೂ ತನ್ನದೇ ಒಂದು ಲೆಕ್ಕಾಚಾರವಿದೆ. ಇಬ್ಬರೂ ಚದುರಂಗದ ಕಾಯಿಗಳಂತೆ ಒಬ್ಬರನ್ನೊಬ್ಬರು ಅಳೆಯುತ್ತಾರೆ. ದಿನಕ್ಕೆ ಕೆಲವೇ ಮೈಲಿ ಸಾಗುವ ಸರ್ಕಸ್ ಬಂಡಿಗಳ ವೇಗ ಇಲ್ಲಿ ಕಥೆಗೆ ಒಗ್ಗುತ್ತದೆ. ಸಿಕ್ಕಿಬೀಳುವ ಭಯವಿರುವವನಿಗೆ ನಿಧಾನವೇ ಶತ್ರು ತಾನೆ. ನಿಧಾನ ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ ಎಂದು ತಿಳಿಯಲು ಮ್ಯಾಟ್‌ನ 28, 29ನೇ ಅಧ್ಯಾಯಗಳನ್ನು ಇಲೇನ್‌ಳ 11, 13ರ ಪಕ್ಕದಲ್ಲಿಟ್ಟು ಓದಿದರೆ ಸಾಕು.

ಎಗ್ವೇನ್‌ಳ ಪಾಳೆಯದ ಅಧ್ಯಾಯಗಳು, 16ರಿಂದ 20, ರಾಜಕೀಯ ಇಷ್ಟವಿರುವವರಿಗೆ ರುಚಿಸುತ್ತವೆ. ಟಾರ್ ವಾಲನ್ ನಗರಕ್ಕೆ ಮುತ್ತಿಗೆ ಹಾಕಿ ಕೂತಿರುವ ಬಂಡಾಯದ ಏಸ್ ಸೆಡಾಯ್‌ಗಳು, ಅಂದರೆ ಶಕ್ತಿ ಬಲ್ಲ ಹೆಂಗಸರ ಸಂಘದವರು, ಆ ದೂರದ ದೀಪಸ್ತಂಭಕ್ಕೆ ಹೆದರಿ, ಶಕ್ತಿಯುಳ್ಳ ಗಂಡಸರ ಕಪ್ಪು ಗೋಪುರದೊಂದಿಗೇ ಒಪ್ಪಂದ ಮಾಡಿಕೊಳ್ಳುವ ಮಾತಿಗೆ ಬರುತ್ತಾರೆ. ಮೇಲೆ ಹೇಳಿದ ಅಜ್ಞಾನದಿಂದ ನಿಜವಾಗಿ ಏನಾದರೂ ಆಗುವುದು ಇಲ್ಲೊಂದೇ ಕಡೆ. ತಲೆನೋವಿಗೆ ಮಾಲೀಷು ಮಾಡುವ ಹಲೀಮಾ ಒಬ್ಬ ಫಾರ್ಸೇಕನ್ ಎಂದು ಓದುಗನಿಗೆ ಗೊತ್ತು, ಎಗ್ವೇನ್‌ಗೆ ಗೊತ್ತಿಲ್ಲ. ಆ ಬಿಗಿಯೂ ಚೆನ್ನಾಗಿ ನಿಲ್ಲುತ್ತದೆ. ತೊಂದರೆ ಹೆಸರುಗಳದು. ಸಭೆಯಲ್ಲಿ ಎದ್ದು ನಿಲ್ಲುವ ಪ್ರತಿ ಸದಸ್ಯೆಗೂ ಹೆಸರು, ಬಣ್ಣದ ಪಂಗಡ, ಮುಖಲಕ್ಷಣ. ಮುದ್ರಿತ ಪ್ರತಿಯಲ್ಲಿ ಓದುವವರು ಒಂದು ಚೀಟಿಯಲ್ಲಿ ಪಂಗಡವಾರು ಹೆಸರು ಬರೆದಿಟ್ಟುಕೊಳ್ಳಿ. ಇ-ಪುಸ್ತಕದಲ್ಲಾದರೆ ಹೆಸರನ್ನು ಹುಡುಕಿ ಹಿಂದಿನ ಉಲ್ಲೇಖಕ್ಕೆ ಹೋಗಬಹುದು. ಕೊನೆಯಲ್ಲಿರುವ ಪದಕೋಶವನ್ನು ನಂಬಿ ಕೂರಬೇಡಿ, ಬೇಕಾದ ಹೆಸರು ಅಲ್ಲಿ ಸಿಗುವುದು ಅಪರೂಪ.

ಈ ಸಂಪುಟವನ್ನು ಓದುವ ಬಗೆ ಹೀಗೆ. ಎಳೆಗಳು ಒಂದಕ್ಕೊಂದು ತಾಗುವುದೇ ಇಲ್ಲವಾದ್ದರಿಂದ ಅಧ್ಯಾಯಗಳ ಕ್ರಮ ಬದಲಿಸಿದರೂ ಏನೂ ಹಾಳಾಗುವುದಿಲ್ಲ. ಕಾದಂಬರಿಗೆ ಇದು ಹೊಗಳಿಕೆಯಲ್ಲ, ಆದರೆ ಓದುಗನಿಗೆ ಅನುಕೂಲ. ಮೊದಲು ಒಂಬತ್ತನೇ ಸಂಪುಟದ 35ನೇ ಅಧ್ಯಾಯ ಮತ್ತೊಮ್ಮೆ ಓದಿ, ಆ ಬೆಳಕು ಮನಸ್ಸಿನಲ್ಲಿ ಹೊಸದಾಗಿರಲಿ. ಬಳಿಕ ಹತ್ತನೆಯದರ ಪ್ರಸ್ತಾವನೆ. ಅದೇ ಒಂದು ಕಿರುಕಾದಂಬರಿಯಷ್ಟಿದೆ, ಒಂದೇ ಕೂರಿಕೆಯಲ್ಲಿ ಮುಗಿಸುವ ಹಟ ಬೇಡ. ಇಟುರಾಲ್ಡೆ ಮತ್ತು ಕಪ್ಪು ಗೋಪುರದ ಲೋಗೇನ್ ಬರುವ ತುಣುಕುಗಳನ್ನು ಗಮನವಿಟ್ಟು ಓದಿ, ಎರಡೂ ಮುಂದೆ ಬೇಕಾಗುತ್ತವೆ. ಆಮೇಲೆ ಮ್ಯಾಟ್‌ನ 1ರಿಂದ 3, ಟುಆನ್‌ಳನ್ನು ಹುಡುಕಿ ಹೊರಡುವ ಶಾನ್‌ಚಾನ್ ಸೇನಾಧಿಕಾರಿ ಕಾರೆಡೆಯ 4, ನೇರವಾಗಿ 28 ಮತ್ತು 29. ಒಟ್ಟಿಗೆ ಓದಿದರೆ ಇವು ಒಂದು ಚೊಕ್ಕ ಪ್ರೇಮಕಥೆಯಾಗುತ್ತವೆ. ಪೆರಿನ್‌ನ 5ರಿಂದ 8ನ್ನು ಬೇಗ ಬೇಗ ಸರಿಸಿ, ಫಾಯೀಲ್‌ಳ 9 ಓದಿ, 25ರಿಂದ 27ಕ್ಕೆ ಬನ್ನಿ. ಇಲೇನ್‌ಳ ಭಾಗದಲ್ಲಿ 12 ಮತ್ತು 13 ಸಾಕು, ಉಳಿದದ್ದಕ್ಕೆ ಸಾರಾಂಶ ನೋಡಿದರೂ ನಷ್ಟವಿಲ್ಲ. ಎಗ್ವೇನ್‌ಳ 16ರಿಂದ 20ರ ಜೊತೆಗೆ 21ನ್ನು ಬಿಡಬೇಡಿ. ಏಸ್ ಸೆಡಾಯ್‌ಗಳ ಕೇಂದ್ರವಾದ ಬಿಳಿ ಗೋಪುರದಲ್ಲಿ ಆಲ್ವಿಯಾರಿನ್ ತನ್ನ ಪದವಿ ಕಳೆದುಕೊಂಡು, ಶೈದಾರ್ ಹರಾನ್ ಎಂಬ ಕೇಡಿನ ದೂತನ ಕೈಯಲ್ಲಿ ಗುರುತು ಹಾಕಿಸಿಕೊಳ್ಳುವ ಆ ಅಧ್ಯಾಯ ಚಿಕ್ಕದು, ಚುರುಕು. ನಂತರ 23, 24. ಕಟ್ಟಕಡೆಗೆ 30 ಮತ್ತು ಉಪಸಂಹಾರ. ಈ ಎರಡನ್ನು ಮಾತ್ರ ಸ್ಥಾನ ಬದಲಿಸಬೇಡಿ.

30ನೇ ಅಧ್ಯಾಯದಲ್ಲಿ ಎಗ್ವೇನ್ ರಾತ್ರಿ ದೋಣಿಯಲ್ಲಿ ಹೋಗಿ, ಬಂದರಿನ ಬಾಯಿಗೆ ಅಡ್ಡ ಕಟ್ಟಿದ ಕಬ್ಬಿಣದ ಸರಪಳಿಯನ್ನು ಒಡೆಯಲಾರದ ಕ್ವೆಂಡಿಯಾರ್ ಆಗಿ ಮಾರ್ಪಡಿಸುತ್ತಾಳೆ. ಇನ್ನು ಆ ಸರಪಳಿಯನ್ನು ಇಳಿಸಿ ಹಡಗು ಬಿಡುವ ಹಾಗಿಲ್ಲ. ಒಂದು ಹನಿ ರಕ್ತ ಹರಿಯದೆ ಮುತ್ತಿಗೆ ಬಿಗಿಯಾಯಿತು. ಮರುಕ್ಷಣ ಅವಳು ಸೆರೆ. ಉಪಸಂಹಾರದಲ್ಲಿ ರ್ಯಾಂಡ್‌ಗೆ ಶಾನ್‌ಚಾನ್ ಕಡೆಯಿಂದ ಉತ್ತರ ಬರುತ್ತದೆ: ಸಂಧಿಗೆ ಒಪ್ಪಿಗೆ, ‘ಒಂಬತ್ತು ಚಂದ್ರರ ಮಗಳು’ ಎಂಬ ಬಿರುದಿನ ಅವರ ರಾಜಕುಮಾರಿಯನ್ನು ಅವನು ಭೇಟಿಯಾಗಬೇಕು. ಆ ಮಗಳು ಸರ್ಕಸ್ ಬಂಡಿಯಲ್ಲಿ ಮ್ಯಾಟ್‌ನ ಪಕ್ಕ ಕೂತಿದ್ದಾಳೆಂದು ರ್ಯಾಂಡ್‌ಗೆ ಗೊತ್ತಿಲ್ಲ. ಓದುಗ ಬಲ್ಲ, ಪಾತ್ರ ಅರಿಯದು ಎಂಬ ಅದೇ ಹಳೆಯ ಸೂತ್ರ ಇಲ್ಲಿ ಬಿಲ್ಲಿನ ಹೆದೆಯಂತೆ ಬಿಗಿಯುತ್ತದೆ. ಅಷ್ಟರಲ್ಲಿ ಪುಸ್ತಕ ಮುಗಿಯುತ್ತದೆ. 2003ರಲ್ಲಿ ಓದುಗರು ಸಿಟ್ಟಾದದ್ದು ಇದಕ್ಕೇ ಹೆಚ್ಚು. ಮುಂದಿನ ಸಂಪುಟ ಬಂದದ್ದು 2005ರ ಅಕ್ಟೋಬರ್‌ನಲ್ಲಿ, ನಡುವೆ 2004ರಲ್ಲಿ ಕೈಗೆ ಸಿಕ್ಕದ್ದು ‘ನ್ಯೂ ಸ್ಪ್ರಿಂಗ್’ ಎಂಬ ಪೂರ್ವಕಥೆ. ಹಸಿದವನಿಗೆ ನಿನ್ನೆಯ ಊಟದ ವರ್ಣನೆ ಕೇಳಿಸಿದ ಹಾಗೆ.

ಈಗ ಓದುವವರಿಗೆ ಆ ಸಿಟ್ಟಿನ ಅರ್ಧ ಕಾರಣ ಉಳಿದಿಲ್ಲ. ಜೋರ್ಡನ್ 2007ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಅವರ ಟಿಪ್ಪಣಿಗಳನ್ನು ಆಧರಿಸಿ ಬ್ರ್ಯಾಂಡನ್ ಸ್ಯಾಂಡರ್‌ಸನ್ ಬರೆದ ಮೂರು ಸಂಪುಟಗಳೊಂದಿಗೆ 2013ರಲ್ಲಿ ಮಾಲಿಕೆ ಪೂರ್ಣವಾಯಿತು. ಹತ್ತು ಮುಗಿಸಿದ ರಾತ್ರಿಯೇ ಹನ್ನೊಂದು ತೆರೆಯಬಹುದು. ಆದರೂ ಪುಟ ಪುಟವೇ, ಕಾಲದ ಹಿಮ್ಮರಳಿಕೆ ಹಾಗೇ ಇದೆ, ಹಾಗಾಗಿ ದೋಷ ಮಾಯವಾಯಿತು ಎನ್ನುವವರ ಮಾತನ್ನು ನಂಬಬೇಡಿ. ಅಮೆಜಾನ್ ಪ್ರೈಮ್‌ನ ಧಾರಾವಾಹಿ ನೋಡಿ ಪುಸ್ತಕಕ್ಕೆ ಬಂದವರಿಗೆ ಒಂದು ಮಾತು: ಅದು ಮೂರನೇ ಸೀಸನ್ನಿಗೆ, 2025ರಲ್ಲಿ ನಿಂತುಹೋಯಿತು, ಮುಟ್ಟಿದ್ದು ಹೆಚ್ಚುಕಮ್ಮಿ ನಾಲ್ಕನೇ ಸಂಪುಟದವರೆಗೆ. ಹತ್ತರ ಬಗ್ಗೆ ಚಿಂತಿಸಲು ಇನ್ನೂ ಬಹಳ ದಾರಿ ಇದೆ.

ಕೊಳ್ಳುವುದಾದರೆ, ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಬ್ರಿಟನ್ನಿನ ಆರ್ಬಿಟ್ ಮುದ್ರಣದ ದಪ್ಪ ಪೇಪರ್‌ಬ್ಯಾಕ್. ಅಕ್ಷರ ಸಣ್ಣದು, ಬೆನ್ನು ಬೇಗ ಬಿರುಕು ಬಿಡುತ್ತದೆ. ಮೇಲೆ ಹೇಳಿದಂತೆ ಹಿಂದೆ ಮುಂದೆ ಜಿಗಿದು ಓದುವವರಿಗೆ ಇ-ಪುಸ್ತಕವೇ ವಾಸಿ. ಮೈಕೆಲ್ ಕ್ರೇಮರ್ ಮತ್ತು ಕೇಟ್ ರೀಡಿಂಗ್ ಓದಿರುವ ಆಡಿಯೋ ಸುಮಾರು 26 ಗಂಟೆ. ವೇಗವನ್ನು 1.25ಕ್ಕೆ ಇಟ್ಟರೆ 21 ಗಂಟೆಗೆ ಇಳಿಯುತ್ತದೆ, ಇಲೇನ್‌ಳ ಅಧ್ಯಾಯಗಳಲ್ಲಿ 1.5 ಇಟ್ಟರೂ ಏನೂ ತಪ್ಪಿಹೋಗದು. ಗಂಡು ಪಾತ್ರಗಳ ದೃಷ್ಟಿಯ ಭಾಗಗಳನ್ನು ಕ್ರೇಮರ್, ಹೆಣ್ಣು ಪಾತ್ರಗಳದ್ದನ್ನು ರೀಡಿಂಗ್ ಓದುವುದರಿಂದ ಎಳೆ ಬದಲಾದದ್ದು ಕೂಡಲೇ ಗೊತ್ತಾಗುತ್ತದೆ. ಬಾಯಿಗೆ ಬಾರದ ಹೆಸರುಗಳ ಉಚ್ಚಾರವೂ ತಿಳಿಯುತ್ತದೆ.

ಪೂರ್ತಿ ಹಾರಿಸಿಬಿಡೋಣವೇ ಎಂದು ಕೇಳುವವರೂ ಇದ್ದಾರೆ. ಹಾರಿಸಿದರೆ ಹನ್ನೊಂದರಲ್ಲಿ ಎಗ್ವೇನ್ ಬಿಳಿ ಗೋಪುರದೊಳಗೆ ಸೆರೆಯಾಳಾಗಿ ಏಕಿದ್ದಾಳೆ, ಪೆರಿನ್ ಕೈಯಲ್ಲಿದ್ದ ಕೊಡಲಿ ಎಲ್ಲಿ ಹೋಯಿತು, ಶಾನ್‌ಚಾನ್ ಸೇನೆ ಅವನ ಜೊತೆ ಹೇಗೆ ಸೇರಿತು, ರ್ಯಾಂಡ್ ಯಾರನ್ನು ಕಾಣಲು ಹೊರಟಿದ್ದಾನೆ, ಯಾವುದೂ ತಲೆಗೆ ಹತ್ತುವುದಿಲ್ಲ. ಸಮಯ ತೀರಾ ಕಮ್ಮಿ ಇದ್ದರೆ ಪ್ರಸ್ತಾವನೆ, 21, 24, 27ರಿಂದ 30, ಉಪಸಂಹಾರ ಓದಿ. ಪುಸ್ತಕದ ಮೂರನೇ ಒಂದು ಭಾಗದಷ್ಟು ಅದು. ಅಷ್ಟು ಕೈಯಲ್ಲಿದ್ದರೆ ಹನ್ನೊಂದನೇ ಸಂಪುಟ ‘ನೈಫ್ ಆಫ್ ಡ್ರೀಮ್ಸ್’ನ ಮೊದಲ ಪುಟದಿಂದಲೇ ಗಡಿಯಾರ ಮತ್ತೆ ಓಡತೊಡಗುತ್ತದೆ.